‘ಪಾಪ, ಕೇಳಿಸಲಿಲ್ಲ’ ಅನ್ನೋದನ್ನು ಬಿಡೋಣ: ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದ ಕನ್ನಡ ಬಂಧುಗಳಿಗೆ ಒಂದು ಬಹಿರಂಗ ಪತ್ರ

ಬಂಧುಗಳೇ, ನಮಸ್ಕಾರ.

ಹೋದ ತಿಂಗಳು ಪರಿಚಯದವರ ಮನೆಯಲ್ಲಿ ಸತ್ಯನಾರಾಯಣ ಪೂಜೆ ಇತ್ತು. ಊಟ ಮುಗಿಸಿ ಹಿತ್ತಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದೆವು. ಬೇಸಿಗೆ ರಜೆಗೆ ಯಾರು ಎಲ್ಲಿಗೆ ಅನ್ನೋ ಮಾತು ಬಂತು. ಯೂಟಾ ಕಡೆ ಹೋಗಿ ಬಂದಿದ್ದ ಒಬ್ಬರು ಹೇಳಿದರು: “ದಾರಿಯಲ್ಲಿ ಟೋಪಾಜ್ ಅಂತ ಒಂದು ಜಾಗ ಇದೆ. ಯುದ್ಧದ ಕಾಲದಲ್ಲಿ ಜಪಾನಿನವರನ್ನು ಕೂಡಿಹಾಕಿದ್ದರಂತೆ. ಅಲ್ಲಿ ಒಬ್ಬ ಮುದುಕ ಬೇಲಿ ಹತ್ತಿರ ಹೋದನಂತೆ. ಕಾವಲಿನವನು ನಿಲ್ಲು ಅಂತ ಕೂಗಿದನಂತೆ. ಪಾಪ, ಕಿವುಡ, ಕೇಳಿಸಲಿಲ್ಲ. ಗುಂಡು ಹೊಡೆದುಬಿಟ್ಟರಂತೆ.”

ಎಲ್ಲರೂ “ಛೇ” ಅಂದೆವು. ನಾನೂ ಅಂದೆ. ಆಮೇಲೆ ಯಾರೋ ಝಯಾನ್ ನ್ಯಾಷನಲ್ ಪಾರ್ಕ್‌ನಲ್ಲಿ ರೂಮ್ ಸಿಗೋದು ಎಷ್ಟು ಕಷ್ಟ ಅಂತ ಶುರು ಮಾಡಿದರು, ಮಾತು ಆ ಕಡೆ ಹೋಯಿತು.

ಮನೆಗೆ ಬರುವಾಗ ಕಾರಿನಲ್ಲಿ ಆ “ಪಾಪ, ಕಿವುಡ” ಅನ್ನೋದು ಹಲ್ಲಿಗೆ ಸಿಕ್ಕಿದ ಅಡಿಕೆ ಚೂರಿನ ಹಾಗೆ ಕಾಡಿತು. ಕಥೆ ಹೇಳಿದವರು ಒಳ್ಳೆಯವರು, ಅವರ ಮೇಲೆ ಸಿಟ್ಟಿಲ್ಲ. ಆದರೆ ಅವತ್ತು ಬಾಯಿ ಮುಚ್ಚಿಕೊಂಡು ಕೂತೆನಲ್ಲ, ಅದಕ್ಕೆ ಈಗ ಬರೆಯುತ್ತಿದ್ದೇನೆ. ಎಲ್ಲರಿಗೂ ಕಾಣಲಿ ಅಂತ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಮೊದಲು ಆ “ಮುದುಕ”ನಿಗೆ ಒಂದು ಹೆಸರು ಇದೆ. ಜೇಮ್ಸ್ ಹತ್ಸುಆಕಿ ವಕಾಸಾ. ಜಪಾನಿನ ಇಶಿಕಾವಾ ಪ್ರಾಂತ್ಯದವರು. ಟೋಕಿಯೋದ ಕೇಯೋ ಕಾಲೇಜಿನಲ್ಲಿ ಓದಿದವರು. 1903ರಲ್ಲಿ ಅಮೆರಿಕಕ್ಕೆ ಬಂದರು. ಆಗ ವಯಸ್ಸು ಇಪ್ಪತ್ತು ದಾಟಿ ಎರಡು ಮೂರು ವರ್ಷ ಅಷ್ಟೇ, ನಮ್ಮಲ್ಲಿ ಎಷ್ಟೋ ಜನ ಎಂಎಸ್‌ಗೆ ಅಂತ ಬಂದ ವಯಸ್ಸು. ಊರಲ್ಲಿ ಕಾಲೇಜು ಮುಗಿಸಿದ್ದವರು ಇಲ್ಲಿ ಬಂದು ಶಿಕಾಗೋದ ಹೈಡ್ ಪಾರ್ಕ್ ಹೈಸ್ಕೂಲಿನಲ್ಲಿ ಮತ್ತೆ ಬೆಂಚಿನ ಮೇಲೆ ಕೂತರು. ಆಮೇಲೆ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಓದಿ 1916ರಲ್ಲಿ ಮುಗಿಸಿದರು. ಇಷ್ಟೆಲ್ಲ ಓದಿ ಬದುಕಿಗೆ ಹಿಡಿದದ್ದು ಅಡುಗೆ ಕೆಲಸ. ಮೊದಲನೇ ಮಹಾಯುದ್ಧದಲ್ಲಿ ಅಯೋವಾದ ಕ್ಯಾಂಪ್ ಡಾಡ್ಜ್ ಅನ್ನೋ ಸೇನಾ ಶಿಬಿರದಲ್ಲಿ ಆರು ತಿಂಗಳು ಅಡುಗೆ ಕಲಿಸಿದರು. ಅಮೆರಿಕದ ಸೈನ್ಯಕ್ಕೆ ಊಟ ಬಡಿಸುವುದು ಹೇಗೆ ಅಂತ ಹೇಳಿಕೊಟ್ಟ ಮನುಷ್ಯ ಅವರು. ಮದುವೆ ಆಗಲಿಲ್ಲ. ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿದ್ದರು.

ನಲವತ್ತು ವರ್ಷ ಇಲ್ಲಿದ್ದರೂ ಪೌರತ್ವ ಸಿಗಲಿಲ್ಲ. ಕಾನೂನೇ ಹಾಗಿತ್ತು. ಇದು ನಮಗೂ ಸಂಬಂಧಪಟ್ಟ ವಿಷಯ, ಸ್ವಲ್ಪ ಕೇಳಿ. 1922ರ ನವೆಂಬರ್‌ನಲ್ಲಿ ತಕಾವೋ ಒಜಾವಾ ಅನ್ನುವವರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಜಪಾನಿನವರಿಗೆ ಪೌರತ್ವ ಇಲ್ಲ, ಅವರು ಬಿಳಿಯರಲ್ಲ ಅಂದಿತು. ಮೂರೇ ತಿಂಗಳಿಗೆ, 1923ರ ಫೆಬ್ರವರಿ 19ಕ್ಕೆ, ಪಂಜಾಬಿನಿಂದ ಬಂದು ಅಮೆರಿಕದ ಸೈನ್ಯದಲ್ಲೇ ದುಡಿದಿದ್ದ ಭಗತ್ ಸಿಂಗ್ ಥಿಂಡ್ ಅವರಿಗೂ ಅದೇ ಕೋರ್ಟು ಅದೇ ಉತ್ತರ ಕೊಟ್ಟಿತು. ಭಾರತೀಯರಿಗೆ ಆ ಬಾಗಿಲು ತೆರೆದದ್ದು 1946ರಲ್ಲಿ, ಜಪಾನಿನವರಿಗೆ 1952ರಲ್ಲಿ. ಗ್ರೀನ್ ಕಾರ್ಡ್ ಕ್ಯೂ ಬಗ್ಗೆ ಗೊಣಗುವಾಗ ನಾನೂ ಇದನ್ನು ಮರೆತುಬಿಡುತ್ತೇನೆ.

ಥಿಂಡ್ ತೀರ್ಪು ಬಂದ ಅದೇ ಫೆಬ್ರವರಿ 19ಕ್ಕೆ, 1942ರಲ್ಲಿ, ಜಪಾನಿನ ಜೊತೆ ಯುದ್ಧ ನಡೆಯುತ್ತಿದ್ದಾಗ, ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯ ಜಪಾನೀ ಮೂಲದವರೆಲ್ಲ ಮನೆ, ಅಂಗಡಿ, ಹೊಲ ಬಿಟ್ಟು ಹೊರಡಬೇಕಾಯಿತು. ಸುಮಾರು 1,20,000 ಜನ. ಅವರಲ್ಲಿ ಮೂರರಲ್ಲಿ ಎರಡು ಪಾಲು ಇಲ್ಲೇ ಹುಟ್ಟಿದ ಪೌರರು. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನವರನ್ನು ಮೊದಲು ಎಲ್ಲಿ ಇಟ್ಟರು ಗೊತ್ತಾ? ಸ್ಯಾನ್ ಬ್ರೂನೋದ ಟ್ಯಾನ್‌ಫೊರಾನ್‌ನಲ್ಲಿ. ಹೌದು, ನಾವು ಪಾರ್ಕಿಂಗ್‌ಗೆ ಸುತ್ತು ಹಾಕುತ್ತಿದ್ದ ಆ ಮಾಲ್ ಇದ್ದ ಜಾಗವೇ. ಆಗ ಅದು ಕುದುರೆ ರೇಸಿನ ಮೈದಾನ. ಕುದುರೆ ಲಾಯಗಳನ್ನೇ ತೊಳೆದು, ಸುಣ್ಣ ಬಳಿದು, ಒಂದೊಂದರಲ್ಲಿ ಒಂದೊಂದು ಸಂಸಾರ ಹಾಕಿದರು. ಪಕ್ಕದ ಬಾರ್ಟ್ ರೈಲು ಸ್ಟೇಷನ್ ಹೊರಗೆ 2022ರಿಂದ ಇಬ್ಬರು ಪುಟ್ಟ ಹುಡುಗಿಯರ ಕಂಚಿನ ಪ್ರತಿಮೆ ಇದೆ. ಏರ್‌ಪೋರ್ಟ್‌ಗೆ ಹೋಗುವಾಗ ಸುಮ್ನೆ ಐದು ನಿಮಿಷ ಇಳಿದು ನೋಡಿ.

ಅಲ್ಲಿಂದ ರೈಲಿನಲ್ಲಿ ಯೂಟಾದ ಟೋಪಾಜ್‌ಗೆ. 1942ರ ಸೆಪ್ಟೆಂಬರ್‌ನಲ್ಲಿ ಶುರುವಾಗಿ 1945ರ ಅಕ್ಟೋಬರ್‌ವರೆಗೆ ನಡೆದ ಕ್ಯಾಂಪು ಅದು. ಎಂಟು ಸಾವಿರ ಜನ, ಟಾರು ಕಾಗದ ಹೊದಿಸಿದ ಮರದ ಬ್ಯಾರಕ್‌ಗಳು, ಎಲ್ಲಿ ನೋಡಿದರೂ ಬಿಳಿ ಧೂಳು.

ನಾನು ಎರಡು ವರ್ಷದ ಹಿಂದೆ ಅಲ್ಲಿಗೆ ಹೋಗಿದ್ದೆ. ನೆವಾಡಾ ದಾಟಿ ಹೈವೇ 50ರಲ್ಲಿ ಹೋದರೆ ಡೆಲ್ಟಾ ಅನ್ನೋ ಸಣ್ಣ ಊರು ಸಿಗುತ್ತದೆ. ಅಲ್ಲಿಂದ ಇನ್ನು ಹದಿನಾರು ಮೈಲಿ. ಕಟ್ಟಡ ಒಂದೂ ಉಳಿದಿಲ್ಲ. ಕುರುಚಲು ಗಿಡ, ಕಾಂಕ್ರೀಟ್ ಚೂರು, ತುಕ್ಕು ಹಿಡಿದ ಮೊಳೆ. ಎಷ್ಟು ಬಯಲು ಅಂದರೆ ನಿಂತವರಿಗೆ ತಮ್ಮ ನೆರಳು ಬಿಟ್ಟು ಬೇರೆ ನೆರಳು ಇಲ್ಲ. ಆವತ್ತು ಜೋರು ಗಾಳಿ. ಇಪ್ಪತ್ತು ಇಪ್ಪತ್ತೈದು ಹೆಜ್ಜೆ ಹಿಂದೆ ನನ್ನ ಹೆಂಡತಿ ಕಾರಿನ ಹತ್ತಿರದಿಂದ “ಟೋಪಿ ಹಾಕ್ಕೊಳ್ರೀ” ಅಂತ ಮೂರು ಸಲ ಕೂಗಿದಳಂತೆ. ನನಗೆ ಒಂದೂ ಕೇಳಿಸಲಿಲ್ಲ. ನನ್ನ ಕಿವಿ ಚೆನ್ನಾಗಿಯೇ ಇದೆ.

ಈಗ ಆ ಸಂಜೆಗೆ ಬರೋಣ. 1943ರ ಏಪ್ರಿಲ್ 11, ಭಾನುವಾರ. ಏಳೂವರೆ ಸುಮಾರು, ಇನ್ನೇನು ಹೊತ್ತು ಮುಳುಗಬೇಕು. 63 ವರ್ಷದ ವಕಾಸಾ ಬೇಲಿ ಪಕ್ಕದಲ್ಲಿ ನಾಯಿ ಜೊತೆ ಅಡ್ಡಾಡುತ್ತಿದ್ದರು. ಕಾವಲು ಗೋಪುರದ ಮೇಲಿದ್ದ ಸಿಪಾಯಿ ಗುಂಡು ಹೊಡೆದ. ಒಂದೇ ಗುಂಡು, ಎದೆಗೆ ಬಿತ್ತು. ಅಲ್ಲೇ ಸತ್ತರು.

ಮೊದಲು ಅಧಿಕಾರಿಗಳ ಕಡೆಯಿಂದ ಬಂದ ಸುದ್ದಿ ಏನು ಗೊತ್ತಾ? ಬೇಲಿ ನುಸುಳಿ ಹೋಗಲು ನೋಡಿದರು, ಎಚ್ಚರಿಕೆ ಕೊಟ್ಟರೂ ನಿಲ್ಲಲಿಲ್ಲ ಅಂತ. ಒಳಗಿನ ಜನ ಹೋಗಿ ನೋಡಿದರೆ ರಕ್ತದ ಕಲೆ ಬೇಲಿಯಿಂದ ಒಳಗೆ, ಕ್ಯಾಂಪಿನ ನೆಲದಲ್ಲೇ ಇತ್ತು. ಓಡಿಹೋಗುವವನಿಗೆ ಗುಂಡು ಬೆನ್ನಿಗೆ ಬೀಳುತ್ತದೆ, ಎದೆಗಲ್ಲ. ಆಮೇಲೆ ಕಥೆ ಬದಲಾಯಿತು. ಕಿವಿ ಕೇಳುತ್ತಿರಲಿಲ್ಲ, ಅದಕ್ಕೇ ಕೂಗಿದ್ದು ತಿಳಿಯಲಿಲ್ಲ ಅನ್ನೋ ಮಾತು ಹಬ್ಬಿತು. ನಾಯಿ ಕಡೆ ಗಮನ ಇತ್ತು ಅಂದವರೂ ಇದ್ದರು. ಕ್ಯಾಂಪಿನವರು ಇದನ್ನು ಮರುಕದಿಂದಲೇ ಹೇಳಿರಬೇಕು. ನಮ್ಮ ಮನುಷ್ಯ ಮಾತು ಮೀರಿದವನಲ್ಲ, ತಪ್ಪಿಸಿಕೊಳ್ಳಲು ಹೋದವನಲ್ಲ ಅಂತ ಸಾಬೀತು ಮಾಡೋಕೆ ಅವರ ಹತ್ತಿರ ಬೇರೆ ಏನಿತ್ತು? ಆದರೆ ವಕಾಸಾ ಪರವಾಗಿ ಹೇಳಿದ ಆ ಮಾತೇ ಎಂಬತ್ತು ವರ್ಷದ ನಂತರ ನಮ್ಮ ಹಿತ್ತಲಿಗೆ ಬರುವ ಹೊತ್ತಿಗೆ ಗುಂಡು ಹೊಡೆದವನ ಪರವಾಗಿ ತಿರುಗಿಬಿಟ್ಟಿತ್ತು. “ಕೂಗಿದ್ದ, ಕೇಳಿಸಲಿಲ್ಲ, ಏನು ಮಾಡೋಕಾಗುತ್ತೆ.”

ಆ ಸಿಪಾಯಿಗೆ ಕೋರ್ಟ್ ಮಾರ್ಷಲ್ ಆಯಿತು. ತಪ್ಪಿಲ್ಲ ಅಂತ ಬಿಟ್ಟರು.

ನನಗೆ ಯಾಕೆ ಇಷ್ಟು ಉರಿ ಅಂತ ಕೇಳಬಹುದು. ನಮ್ಮ ಅಪ್ಪನಿಗೆ ಕಿವಿ ಕೇಳಿಸುವುದಿಲ್ಲ. ಮೂರು ವರ್ಷದವರಿದ್ದಾಗ ಜ್ವರ ಬಂದು ಹೋಯಿತಂತೆ. ರಾಣೇಬೆನ್ನೂರಿನಲ್ಲಿ ಟೈಲರ್. ಸರ್ಟಿಫಿಕೇಟಿನಲ್ಲಿ ಶ್ರವಣದೋಷವುಳ್ಳವರು ಅಂತ ಇದೆ, ಓಣಿಯಲ್ಲಿ “ಕೆಪ್ಪ ಟೇಲರ್” ಅಂತಿದ್ದರು. ಅಂಗಡಿಗೆ ಯಾರಾದರೂ ಬಂದರೆ ಮರದ ಹಲಗೆ ಅದುರುವುದು ಕಾಲಿಗೆ ಗೊತ್ತಾಗಿ ತಲೆ ಎತ್ತುತ್ತಿದ್ದರು. ರಸ್ತೆಗೆ ಇಳಿಯುವ ಮುಂಚೆ ಅವರು ಎಡಕ್ಕೆ, ಬಲಕ್ಕೆ, ಹಿಂದಕ್ಕೆ ನೋಡುವುದನ್ನು ನೋಡಿದರೆ ನಗು ಬರಬೇಕು, ನವಿಲಿನ ಕುತ್ತಿಗೆ ಹಾಗೆ. ಕಿವಿ ಕೇಳಿಸದವರು ನಮಗಿಂತ ಜಾಸ್ತಿ ನೋಡುತ್ತಾರೆ. ಅಂಥವರ ಜೊತೆ ಒಂದೇ ಸೂರಿನಡಿ ಬದುಕಿದ ಯಾರನ್ನಾದರೂ ಕೇಳಿ.

ನಾನು ಪಿಯುಸಿಯಲ್ಲಿದ್ದಾಗ ಒಂದು ಖಾಸಗಿ ಬಸ್ಸು ಅವರಿಗೆ ಹೊಡೆಯಿತು. ಕಾಲು ಮುರಿಯಿತು. ಅಪ್ಪ ನಿಂತಿದ್ದದ್ದು ಟಾರು ರಸ್ತೆಯ ಮೇಲಲ್ಲ, ಪಕ್ಕದ ಮಣ್ಣಿನಲ್ಲಿ. ಬಸ್ಸೇ ಇನ್ನೊಂದು ಬಸ್ಸನ್ನು ಹಿಂದೆ ಹಾಕಲು ಹೋಗಿ ಟಾರು ಬಿಟ್ಟು ಇಳಿದಿತ್ತು. ಡ್ರೈವರ್ ಹೇಳಿದ್ದು ಒಂದೇ ಮಾತು: “ಹಾರ್ನ್ ಹೊಡದೆ ಸಾರ್, ಕೆಪ್ಪ ಮನುಷ್ಯಾ, ಕೇಳಿಲ್ಲ.” ಅಲ್ಲಿಗೆ ಮುಗಿಯಿತು. ಸೇರಿದ್ದ ಜನರೆಲ್ಲ ಓ ಹೌದಾ ಅಂತ ತಲೆ ಆಡಿಸಿದರು. ಚಕ್ರದ ಗುರುತು ಮಣ್ಣಿನಲ್ಲಿ ಎದ್ದು ಕಾಣುತ್ತಿತ್ತು, ಒಬ್ಬರೂ ಬಗ್ಗಿ ನೋಡಲಿಲ್ಲ. ನಮ್ಮ ಅವ್ವನಿಗೆ ಬುದ್ಧಿ ಹೇಳಿದವರೇ ಜಾಸ್ತಿ, ಇಂಥವರನ್ನು ಒಬ್ಬರನ್ನೇ ಯಾಕೆ ಹೊರಗೆ ಬಿಡ್ತೀರಿ ಅಂತ. ಆಸ್ಪತ್ರೆ ಖರ್ಚಿನಲ್ಲಿ ಅರ್ಧ ಕೊಡಿಸಿ ರಾಜಿ ಮಾಡಿಸಿದರು.

ಆ ಕಾಲದ ಸಿಟ್ಟು ಒಳಗೇ ಇತ್ತು ಅಂತ ಕಾಣುತ್ತದೆ. ಹಿತ್ತಲಲ್ಲಿ ಕೂತು “ಪಾಪ ಕಿವುಡ” ಅಂತ ಕೇಳಿದಾಗ ಎದ್ದುಬಂತು.

ವಕಾಸಾ ಪೂರ್ತಿ ಕಿವುಡರೇ ಆಗಿದ್ದರು ಅಂತ ಇಟ್ಟುಕೊಳ್ಳಿ. ಒಂದು ಚೂರೂ ಕೇಳಿಸುತ್ತಿರಲಿಲ್ಲ ಅಂತಲೇ ಇಟ್ಟುಕೊಳ್ಳಿ. ಅದರಿಂದ ಏನು ಬದಲಾಗುತ್ತದೆ? ಬೇಲಿ ಹಾಕಿದವರು ಅವರಲ್ಲ. ಗೋಪುರ ಕಟ್ಟಿದವರು ಅವರಲ್ಲ. ಎಂಟು ಸಾವಿರ ಜನರನ್ನು, ಮುದುಕರು, ಬಾಣಂತಿಯರು, ಕಿವಿ ಕೇಳಿಸದವರು, ಕಣ್ಣು ಕಾಣದವರು ಎಲ್ಲರನ್ನೂ ಸೇರಿಸಿ ಒಂದು ಮುಳ್ಳುತಂತಿಯೊಳಗೆ ಹಾಕಿ, ಕೂಗಿದ್ದು ಕೇಳದಿದ್ದರೆ ಸಾಯಬೇಕು ಅನ್ನೋ ನಿಯಮ ಮಾಡಿದವರು ಯಾರು? ಚೆನ್ನಾಗಿ ಕೇಳಿಸುವವರಿಗೂ ಅದೇ ನಿಯಮವೇ. ವಕಾಸಾ ಸತ್ತು ಒಂದು ತಿಂಗಳಿಗೆ ಬೇಲಿ ಹತ್ತಿರ ಅಡ್ಡಾಡುತ್ತಿದ್ದ ಒಂದು ಜೋಡಿಯ ಕಡೆಗೂ ಕಾವಲಿನವರು ಗುಂಡು ಹಾರಿಸಿದರು. ಅವರು ಬದುಕಿದರು. ಅವರ ಕಿವಿಯ ಬಗ್ಗೆ ಯಾರೂ ಏನೂ ಕೇಳಲಿಲ್ಲ.

ಇದನ್ನು ಬರೆಯಲು ಕೂತಾಗ ಮೊದಲು ಹೊಳೆದ ತಲೆಬರಹ ‘ಜಾಣ ಕಿವುಡು’. ನಿಜವಾದ ಕಿವುಡು ಸರಕಾರದ್ದು ಅಂತೆಲ್ಲ ಬರೆದು ಒಂದು ಪುಟ ತುಂಬಿಸಿದೆ, ಚೆನ್ನಾಗಿಯೂ ಬಂದಿತ್ತು. ಆಮೇಲೆ ಅಳಿಸಿದೆ. ಅಲ್ಲೂ ಬೈಗುಳಕ್ಕೆ ಸಿಕ್ಕಿದ್ದು ಕಿವುಡೇ ಅಲ್ವಾ? ಕಿವುಡನ ಮುಂದೆ ಕಿನ್ನರಿ ಅಂತ ಗಾದೆ ಬೇರೆ ಇದೆ ನಮ್ಮಲ್ಲಿ. ಅಪ್ಪ ಹಾರ್ಮೋನಿಯಂ ಮೇಲೆ ಅಂಗೈ ಇಟ್ಟುಕೊಂಡು ಇಡೀ ಭಜನೆ ಕೂತು ಕೇಳುತ್ತಾರೆ. ಗಾದೆ ಮಾಡಿದವರಿಗೆ ಅದು ಗೊತ್ತಿರಲಿಕ್ಕಿಲ್ಲ.

ಕ್ಯಾಂಪುಗಳಲ್ಲಿ ಕಿವಿ ಕೇಳಿಸದವರು ಬೇಕಾದಷ್ಟು ಜನ ಇದ್ದರು. ಹ್ಯಾನಾ ತಕಾಗಿ ಹೋಮ್ಸ್ ಅನ್ನುವವರ ಹೆಸರು ಹೇಳಲೇಬೇಕು. ಬರ್ಕ್ಲಿಯಲ್ಲಿದ್ದ ಕಿವುಡ ಮಕ್ಕಳ ಶಾಲೆಯಲ್ಲಿ ಓದುತ್ತಿದ್ದ ಹುಡುಗಿ. ಆದೇಶ ಬಂದ ಮೇಲೆ ಶಾಲೆ ಬಿಡಬೇಕಾಯಿತು, ಮಂಜನಾರ್ ಕ್ಯಾಂಪಿಗೆ ಹೋದರು. ಅಲ್ಲಿ ಇವರಿಗೆ ಪಾಠ ಹೇಳುವವರೇ ಇಲ್ಲ. ಟೂಲೀ ಲೇಕ್ ಕ್ಯಾಂಪಿನಲ್ಲಿ ಹೆಲೆನ್ ಕೆಲ್ಲರ್ ಹೆಸರಿನಲ್ಲಿ ಒಂದು ಶಾಲೆ ತೆರೆದಿದ್ದಾರೆ ಅಂತ ಮನೆಯವರೆಲ್ಲ ಅಲ್ಲಿಗೆ ಹೋದರು. ಹೋಗಿ ನೋಡಿದರೆ ಹೆಸರು ದೊಡ್ಡದು, ಒಳಗೆ ಸರಿಯಾಗಿ ಕಲಿಸುವವರಿಲ್ಲ. ಕಿವಿ ಕೇಳಿಸದವರು, ಕಣ್ಣು ಕಾಣದವರು, ಎಲ್ಲ ಮಕ್ಕಳೂ ಒಟ್ಟಿಗೆ. 1981ರಲ್ಲಿ ಈ ಕ್ಯಾಂಪುಗಳ ಬಗ್ಗೆ ಸರಕಾರ ವಿಚಾರಣೆ ನಡೆಸಿದಾಗ ಹ್ಯಾನಾ ಅವರು ಆಯೋಗದ ಮುಂದೆ ಹೋಗಿ ತಮ್ಮ ಕಥೆಯನ್ನು ತಾವೇ ಹೇಳಿದರು. ವಕಾಸಾ ಅವರಿಗೆ ಆ ಅವಕಾಶ ಇರಲಿಲ್ಲ. ಅದಕ್ಕೇ ಅವರ ಬಗ್ಗೆ ಯಾರು ಬೇಕಾದರೂ ಏನು ಬೇಕಾದರೂ ಹೇಳುತ್ತಿದ್ದೇವೆ, ನಾನೂ ಸೇರಿ.

ಆದರೆ ಜೊತೆಗಿದ್ದವರು ಅವರನ್ನು ಬಿಟ್ಟುಕೊಡಲಿಲ್ಲ. ಪೂಜೆಯ ದಿನ ಯಾರೂ ಹೇಳದೇ ಹೋದ ಭಾಗ ಇದು. ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದೂ ಇದೇ.

ಸತ್ತ ಜಾಗದಲ್ಲೇ ಅಂತ್ಯಕ್ರಿಯೆಯ ಪ್ರಾರ್ಥನೆ ಆಗಬೇಕು ಅಂತ ಜನ ಪಟ್ಟು ಹಿಡಿದರು. ಅಧಿಕಾರಿಗಳು ಒಪ್ಪಲಿಲ್ಲ. ಎಳೆದಾಡಿ ಕೊನೆಗೆ ಅದರ ಹತ್ತಿರದಲ್ಲೇ ಒಂದು ಕಡೆ ಅಂತ ತೀರ್ಮಾನ ಆಯಿತು. ಏಪ್ರಿಲ್ 19ಕ್ಕೆ ಸುಮಾರು ಎರಡು ಸಾವಿರ ಜನ ಸೇರಿದರು. ಮರುಭೂಮಿಯಲ್ಲಿ ಹೂವು ಎಲ್ಲಿಂದ ಬರಬೇಕು? ಹೆಂಗಸರು ಕೂತು ಕಾಗದ ಕತ್ತರಿಸಿ, ಮಡಚಿ, ಹೂವು ಮಾಡಿ, ಆಳೆತ್ತರದ ಹೂಚಕ್ರಗಳನ್ನು ಕಟ್ಟಿದರು. ಹೆಂಡತಿ ಮಕ್ಕಳಿಲ್ಲದ ಒಬ್ಬ ಅಡುಗೆಯವನಿಗೆ. ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆಗಿದ್ದ ಕಲಾವಿದ ಚಿಯುರಾ ಒಬಾತಾ ಅದೇ ಕ್ಯಾಂಪಿನಲ್ಲಿದ್ದರು, ಅವರು ಕರಿ ಮಸಿ ಕುಂಚದಲ್ಲಿ ಆ ಸಾವನ್ನು ಚಿತ್ರಿಸಿದರು.

ಆಮೇಲೆ ವಕಾಸಾ ಓರಗೆಯವರು, ಜಪಾನಿನಿಂದ ಬಂದ ಮೊದಲ ತಲೆಮಾರಿನವರು, ಒಂದು ದೊಡ್ಡ ಕಲ್ಲು ತಂದರು. ಸುಮಾರು ಅರ್ಧ ಟನ್ ತೂಕದ್ದು. ಅವರು ಬಿದ್ದ ಜಾಗದಲ್ಲಿ ನಿಲ್ಲಿಸಿದರು. ನಮ್ಮ ಕಡೆ ಊರ ಮುಂದಿನ ವೀರಗಲ್ಲು ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಧಿಕಾರಿಗಳ ಕಣ್ಣಿಗೆ ಅದು ಚುಚ್ಚಿತು. ಕಿತ್ತುಹಾಕಿ ಅಂತ ಹುಕುಂ ಬಂತು. ಜನ ಏನು ಮಾಡಿದರು? ಒಡೆದು ಎಸೆಯಲಿಲ್ಲ. ಅಲ್ಲೇ ಗುಂಡಿ ತೋಡಿ ಕಲ್ಲನ್ನು ಹೂತರು. ಮೇಲಿನವರ ಲೆಕ್ಕದಲ್ಲಿ ಕಲ್ಲು ಹೋಯಿತು. ನೆಲದ ಲೆಕ್ಕದಲ್ಲಿ ಅಲ್ಲೇ ಇತ್ತು.

ಎಪ್ಪತ್ತೇಳು ವರ್ಷ ಇತ್ತು. 2020ರಲ್ಲಿ ಜೆಫ್ ಬರ್ಟನ್ ಮತ್ತು ಮೇರಿ ಫ್ಯಾರೆಲ್ ಅನ್ನೋ ಇಬ್ಬರು ಪುರಾತತ್ವದವರು ಹಳೆಯ ಕಡತದಲ್ಲಿದ್ದ ಕೈಬರಹದ ನಕ್ಷೆ ಹಿಡಿದು ಹೋಗಿ ಹುಡುಕಿದರು. ಕಲ್ಲಿನ ನೆತ್ತಿ ಮಾತ್ರ ಮಣ್ಣಿನಿಂದ ಇಣುಕುತ್ತಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. 2021ರ ಜುಲೈ 27ಕ್ಕೆ ಟೋಪಾಜ್ ಮ್ಯೂಸಿಯಂ ಮಂಡಳಿಯವರು ಯಂತ್ರ ತರಿಸಿ ಕಲ್ಲನ್ನು ಎತ್ತಿಸಿ ಡೆಲ್ಟಾಕ್ಕೆ ಸಾಗಿಸಿದರು. ಜೊತೆಗೆ ಪುರಾತತ್ವದವರು ಒಬ್ಬರೂ ಇರಲಿಲ್ಲ. ಆ ಕ್ಯಾಂಪಿನಲ್ಲಿದ್ದು ಬದುಕಿದವರನ್ನು, ಅವರ ಮಕ್ಕಳನ್ನು ಒಂದು ಮಾತು ಕೇಳಲಿಲ್ಲ. ಕಲ್ಲಿಗೆ ಏನೂ ಆಗಬಾರದು ಅನ್ನೋದೇ ಅವರ ಉದ್ದೇಶ ಇದ್ದಿರಬಹುದು. ಆದರೂ ಹೂತವರ ಮೊಮ್ಮಕ್ಕಳು ಇನ್ನೂ ಇರುವಾಗ ಅವರಿಲ್ಲದೆ ಅಗೆಯುವುದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ತುಂಬಾ ಜಗಳ ಆಯಿತು, ವಕಾಸಾ ಹೆಸರಿನಲ್ಲೇ ಒಂದು ಸ್ಮಾರಕ ಸಮಿತಿ ಹುಟ್ಟಿತು. 2023ರ ಏಪ್ರಿಲ್‌ನಲ್ಲಿ, ಎಂಬತ್ತು ವರ್ಷ ತುಂಬಿದಾಗ, ಜನ ಅಲ್ಲಿ ಸೇರಿ ಅವರಿಗೆ ಪೂಜೆ ಸಲ್ಲಿಸಿದರು.

1988ರಲ್ಲಿ ಸರಕಾರ ಕ್ಷಮೆ ಕೇಳಿ ತಲೆಗೆ 20,000 ಡಾಲರ್ ಕೊಟ್ಟಿತಲ್ಲ, ಅದು ಆಗ ಬದುಕಿದ್ದವರಿಗೆ ಮಾತ್ರ. ವಕಾಸಾ ಆ ಪಟ್ಟಿಯಲ್ಲಿ ಬರುವುದಿಲ್ಲ.

ಹಾಗಾಗಿ ಬಂಧುಗಳೇ, ಕೇಳಿಕೊಳ್ಳುವುದು ಇಷ್ಟೇ. ಮುಂದೆ ಯಾರ ಮನೆ ಹಿತ್ತಲಲ್ಲಾದರೂ ಈ ಕಥೆ ಬಂದರೆ “ಕಿವುಡ” ಅನ್ನೋ ಪದ ಬೇಕಾದರೆ ಇಟ್ಟುಕೊಳ್ಳಿ, ಅದೇನೂ ಅವಮಾನದ ಪದ ಅಲ್ಲ, ಅಪ್ಪ ತಮ್ಮ ಕಿವಿ ಮುಟ್ಟಿ ಕೈ ಆಡಿಸಿ ನಗುನಗುತ್ತಾ ತಾವೇ ಹೇಳಿಕೊಳ್ಳುತ್ತಾರೆ. ಅದರ ಹಿಂದೆ ಬರುವ “ಅದಕ್ಕೇ ಸತ್ತ” ಅನ್ನೋದನ್ನು ಮಾತ್ರ ಬಿಟ್ಟುಬಿಡಿ. ಸೈನ್ಯಕ್ಕೆ ಅಡುಗೆ ಕಲಿಸಿದವರು ಅನ್ನಿ, ವಿಸ್ಕಾನ್ಸಿನ್‌ನಲ್ಲಿ ಓದಿದವರು ಅನ್ನಿ, ನಾಯಿ ಸಾಕಿದ್ದರು ಅನ್ನಿ. ಗೋಪುರದಿಂದ ಹೊಡೆದರು ಅನ್ನಿ. ಮಕ್ಕಳು ಕೂತಿದ್ದರೆ ಅವರಿಗೂ ಹೆಸರು ಹೇಳಿಕೊಡಿ, ಪೋಕೆಮಾನ್ ಹೆಸರೆಲ್ಲ ಬಾಯಿಗೆ ಬರುವ ಮಕ್ಕಳಿಗೆ ವಕಾಸಾ ಕಷ್ಟ ಆಗಲ್ಲ.

ಯೂಟಾ ಟ್ರಿಪ್ ಹಾಕುವವರು ಅರ್ಧ ದಿನ ಜಾಸ್ತಿ ಇಟ್ಟುಕೊಂಡು ಟೋಪಾಜ್‌ಗೆ ಹೋಗಿ. ಮೊದಲು ಡೆಲ್ಟಾದ ಮ್ಯೂಸಿಯಂ ನೋಡಿ, ಕಲ್ಲು ನೋಡಿ, ಆಮೇಲೆ ಬಯಲಿಗೆ ಹೋಗಿ. ಪೆಟ್ರೋಲ್ ಡೆಲ್ಟಾದಲ್ಲೇ ತುಂಬಿಸಿಕೊಳ್ಳಿ, ನೀರು ಜಾಸ್ತಿ ಇರಲಿ, ಗಟ್ಟಿ ಶೂ ಹಾಕಿ, ನೆಲದ ತುಂಬಾ ಮೊಳೆ. ಮೊಳೆ, ಪಿಂಗಾಣಿ ಚೂರು, ಗುಂಡಿ, ಏನು ಸಿಕ್ಕರೂ ನೆನಪಿಗೆ ಅಂತ ಜೇಬಿಗೆ ಹಾಕಿಕೊಳ್ಳಬೇಡಿ, ಇದ್ದಲ್ಲೇ ಬಿಡಿ.

ಅಪ್ಪ ಅವ್ವ ಏಪ್ರಿಲ್ ಮೊದಲ ವಾರ ಬರುತ್ತಿದ್ದಾರೆ. 11ನೇ ತಾರೀಕಿಗೆ ಅಲ್ಲಿರಬೇಕು ಅಂತ ನಮ್ಮ ಲೆಕ್ಕ. ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ಕೈಸನ್ನೆಯಲ್ಲೇ ಎಲ್ಲ ಹೇಳಿದೆ. ಬೇಲಿ ತೋರಿಸಿದೆ, ಗೋಪುರ ತೋರಿಸಿದೆ, ಬಂದೂಕು ತೋರಿಸಿದೆ. ಅವರು ಕೇಳಿದ್ದು ಒಂದೇ: ನಾಯಿ ಏನಾಯಿತು?

ವ್ಯಾನ್ ಏಳು ಸೀಟಿನದು, ನಾವು ಐದು ಜನ. ಬರುವವರಿದ್ದರೆ ತಿಳಿಸಿ.

ನಿಮ್ಮವನೇ ಒಬ್ಬ,
ರಾಣೇಬೆನ್ನೂರಿನ ಟೈಲರ್ ಮಗ